ಕೆಮ್ಮಣ್ಣನ ಕುರ್ಚಿ

ಆ ಊರಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೂ ಅದು ಯಾರಾದರೊಬ್ಬ ಹಾಡುಗಾರನ ತಲೆಗೇ ಬೀಳುತ್ತಿತ್ತು. ಬಿದ್ದಾಗ ಅವನು ‘ಅಯ್ಯೋ’ ಅನ್ನುತ್ತಿದ್ದದ್ದೂ ಶ್ರುತಿ ಬಿಡದೆ. ಬಸ್ಸಿನ ಕಂಡಕ್ಟರು ಸೀಟಿ ಊದಿದರೆ ಹಿಂದಿನ ಸೀಟಿನವರು ‘ಸ್ವಲ್ಪ ಮೇಲಾಯ್ತು’ ಎಂದು ತಿದ್ದುತ್ತಿದ್ದರು. ಬೀದಿನಾಯಿಗಳು ಜಗಳಕ್ಕೆ ಬಿದ್ದರೂ ಒಂದು ಬೊಗಳಿ ಮುಗಿಸುವ ತನಕ ಇನ್ನೊಂದು ಕಾಯುತ್ತಿತ್ತು. ಹಲ್ಲಿನ ಡಾಕ್ಟರು ಹಲ್ಲು ಕೀಳುವ ಮುಂಚೆ ‘ಯಾವ ಶ್ರುತಿಯಲ್ಲಿ ಕಿರುಚ್ತೀರಿ?’ ಎಂದು ಕೇಳುತ್ತಿದ್ದರಂತೆ. ಇದು ಜಾಸ್ತಿಯಾಯಿತು ಅನ್ನಿಸಿದವರು ಅರ್ಧ ನಂಬಿದರೂ ಸಾಕು, ಉಳಿದರ್ಧ ಅಲ್ಲಿಗೆ ಹೋದರೆ ತಾನೇ ನಂಬಿಕೆಗೆ ಬರುತ್ತದೆ.

ಇಂಥ ಊರಿಗೆ ಒಬ್ಬಳು ಪಿಟೀಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬಂದಿಳಿದಳು. ತನ್ನೂರಲ್ಲಿ ಪಿಟೀಲು ಅಂದರೆ ಅವಳೇ, ಎರಡನೆಯದು ಅಲ್ಲಿರಲಿಲ್ಲ. ಇಲ್ಲಿ ಅವಳು ಇಳಿದ ಬಸ್ಸಿನಲ್ಲೇ ಇನ್ನೂ ನಾಲ್ಕು ಪಿಟೀಲು ಇದ್ದವು. ಅದರಲ್ಲಿ ಒಂದು ಡ್ರೈವರನದು.

ಅವಳನ್ನು ಕಳಿಸಿದ್ದು ಅಕ್ಕ. ಅಮ್ಮ ಹೋದ ಮೇಲೆ ಅಕ್ಕನೇ ಅಮ್ಮ. ಅಕ್ಕನದು ಟೈಲರ್ ಅಂಗಡಿ. ತಂಗಿಗೂ ಹೊಲಿಗೆ ಕಲಿಸೋಣ ಎಂದು ಕೂರಿಸಿದ್ದಳು, ಆದರೆ ತಂಗಿ ಹೊಲಿದ ತೋಳು ಎಡಗಡೆಯದೋ ಬಲಗಡೆಯದೋ ಎಂದು ಹಾಕಿಕೊಂಡವರಿಗೂ ತಿಳಿಯುತ್ತಿರಲಿಲ್ಲ. “ನಿನ್ನ ಕೈಗೆ ಸೂಜಿ ಹತ್ತಲ್ಲ ಕಣೇ, ಕಮಾನು ಹತ್ತಿದೆ. ಹೋಗು. ಅಲ್ಲಿ ಒಂದು ಕುರ್ಚಿ ಹಿಡಿ, ಆಮೇಲೆ ಬಂದು ಮುಖ ತೋರಿಸು” ಅಂದಿದ್ದಳು.

ಕುರ್ಚಿ ಅಂದದ್ದು ಸುಮ್ಮನೆ ಅಲ್ಲ. ಆ ಊರಲ್ಲಿ ಕೆಲಸಕ್ಕೆ ಕೆಲಸ ಅನ್ನುತ್ತಿರಲಿಲ್ಲ, ಕುರ್ಚಿ ಅನ್ನುತ್ತಿದ್ದರು. ಅವನಿಗೆ ನಾಟಕದ ಕಂಪನಿಯಲ್ಲಿ ಕುರ್ಚಿ ಇದೆ, ಇವಳಿಗೆ ದೊಡ್ಡ ಹೋಟೆಲಿನಲ್ಲಿ ಕುರ್ಚಿ ಸಿಕ್ಕಿತು, ಹೀಗೆ. ಒಂದು ತಂಡದಲ್ಲಿ ನಿನ್ನದು ಅಂತ ಒಂದು ಕುರ್ಚಿ ಇದ್ದರೆ ನೀನು ಆ ಊರಿನವಳು. ಇಲ್ಲದಿದ್ದರೆ ಎಷ್ಟು ವರ್ಷ ಇದ್ದರೂ ಬಸ್ಸಿಳಿದು ನಿಂತವಳೇ.

ಅಂಥ ಕುರ್ಚಿಗಳೆಲ್ಲ ಒಬ್ಬನ ಕಿವಿಯ ದಾರಿಯಲ್ಲೇ ಹಂಚಿಹೋಗುತ್ತಿದ್ದವು. ಯಾರಿಗೆ ಯಾವ ವಾದ್ಯದವರು ಬೇಕಾದರೂ ಅವನಿಗೆ ಫೋನು ಮಾಡುತ್ತಿದ್ದರು, ಅವನು ಹೊಂದಿಸಿ ಕಳಿಸುತ್ತಿದ್ದ. ಎಲ್ಲರೂ ಅವನನ್ನು ಫೋನಣ್ಣ ಅನ್ನುತ್ತಿದ್ದರು. ಫೋನು ಅಂಟಿ ಅಂಟಿ ಅವನ ಎಡಗಿವಿ ಚಪಾತಿ ಲಟ್ಟಿಸಿದ ಹಾಗೆ ಚಪ್ಪಟೆಯಾಗಿತ್ತು. ಕ್ಷೌರದವನು ಫೋನನ್ನು ಬಿಟ್ಟು ಅದರ ಸುತ್ತ ಕತ್ತರಿಸುತ್ತಿದ್ದ.

“ಕುರ್ಚಿ ಅಂತ ಯಾವುದೂ ಖಾಲಿ ಇಲ್ಲಮ್ಮ,” ಎಂದ ಫೋನಣ್ಣ ಮೊದಲ ದಿನ. “ಬದಲಿ ಹೋಗ್ತೀಯಾ?”

“ಬದಲಿ ಅಂದ್ರೆ?”

“ಯಾರಿಗೋ ಜ್ವರ ಬರುತ್ತೆ, ಯಾರೋ ಊರಿಗೆ ಹೋಗ್ತಾರೆ. ಅವತ್ತು ಅವರ ಕುರ್ಚೀಲಿ ನೀನು. ಆದರೆ ಕೇಳು, ಕುರ್ಚಿ ಅವರದು. ಅದು ಆರಿ ಹೋಗದ ಹಾಗೆ ಬೆಚ್ಚಗೆ ಇಡೋದಷ್ಟೇ ನಿನ್ನ ಕೆಲಸ. ಅವರು ನುಡಿಸೋ ಹಾಗೇ ನುಡಿಸಬೇಕು. ಅವರು ತಪ್ಪು ನುಡಿಸ್ತಿದ್ರೆ ಆ ತಪ್ಪೂ ಬೇಕು. ಮುಗೀತಾ, ಪೆಟ್ಟಿಗೆ ಮುಚ್ಚು, ಹೊರಡು. ಟೀಗೆ ಮಾತ್ರ ನಿಲ್ಲಬೇಡ.”

“ಟೀ ಕುಡಿದ್ರೆ ಏನಾಗುತ್ತೆ ಅಣ್ಣ?”

“ಎಲ್ಲ ಆಗೋದು ಟೀಲೇ ಅಲ್ವೇನಮ್ಮ! ಮುಂದಿನ ಕೆಲಸ ಯಾರಿಗೆ, ಯಾರು ಯಾರನ್ನ ಕರೀಬೇಕು, ಯಾರನ್ನ ಬಿಡಬೇಕು, ಎಲ್ಲ. ಬದಲಿ ಬಂದೋಳು ಟೀ ಕುಡಿದ್ಲು ಅಂದ್ರೆ ಕುರ್ಚಿ ಕದಿಯೋಕೆ ಬಂದ್ಲು ಅಂತಾನೇ ಅರ್ಥ. ಹಿಂದೆ ಒಬ್ಬ ಗಿಟಾರಿನವನು ಅರ್ಧ ಲೋಟ ಕುಡಿದ. ಈಗ ಲಿಫ್ಟ್ ರಿಪೇರಿ ಮಾಡ್ಕೊಂಡಿದ್ದಾನೆ.”

“ಪೂರ್ತಿ ಕುಡಿದಿದ್ರೆ?”

“ತಮಾಷೆ ಮಾಡಬೇಡ,” ಎಂದ ಫೋನಣ್ಣ, ನಿಜವಾಗಿಯೂ ಹೆದರಿದವನ ಹಾಗೆ.

ಹೀಗೆ ಅವಳು ಬದಲಿಯಾದಳು. ಕೆಲಸ ಎಷ್ಟು ಚೆನ್ನಾಗಿ ಹಿಡಿಸಿತೆಂದರೆ ಸ್ವಲ್ಪ ದಿನಕ್ಕೆ ಅದೇ ಅವಳ ಹೆಸರೂ ಆಯಿತು. ‘ಬದಲಿನ ಕಳಿಸು’ ಅಂದರೆ ಊರಿಗೆಲ್ಲ ಗೊತ್ತು. ಹೆಬ್ಬೆರಳು ನೋಯುವವರ ಬದಲಿಗೆ ಹೋದರೆ ಹೆಬ್ಬೆರಳು ನೋಯುವವರ ಹಾಗೆಯೇ ಕಮಾನು ಹಿಡಿಯುತ್ತಿದ್ದಳು. ಆತುರದವರ ಬದಲಿಗೆ ಹೋದರೆ ಕೂದಲೆಳೆಯಷ್ಟು ಮುಂದೆ ಓಡುತ್ತಿದ್ದಳು. ಒಮ್ಮೆ ನಾಟಕದ ಕಂಪನಿಯ ಒಬ್ಬರ ಕುರ್ಚಿಯಲ್ಲಿ ಎಷ್ಟು ಸರಿಯಾಗಿ ಕೂತಿದ್ದಳೆಂದರೆ, ಅವರ ಹೆಂಡತಿ ಹಿಂದಿನಿಂದ ಬಂದು “ಬರುವಾಗ ಸೋಪು ತನ್ನಿ, ನಿನ್ನೆಯ ಹಾಗೆ ಮರೀಬೇಡಿ” ಎಂದು ಬೈದು ಹೋದಳು. ಬದಲಿ ತಲೆ ಆಡಿಸಿ ನುಡಿಸುತ್ತಲೇ ಇದ್ದಳು.

ಮುಗಿದ ಕೂಡಲೇ ಪೆಟ್ಟಿಗೆ ಮುಚ್ಚಿ ಹೊರಡುತ್ತಿದ್ದಳು. ಹಿಂದೆ ಪಕ್ಕದ ಕೋಣೆಯಲ್ಲಿ ಲೋಟಗಳ ಸದ್ದು, ಬೆಂಚು ಎಳೆಯುವ ಸದ್ದು, ಆಮೇಲೆ ಒಂದು ದೊಡ್ಡ ನಗು. ಯಾವಾಗಲೂ ಆ ನಗು ಬರುವ ಹೊತ್ತಿಗೆ ಅವಳು ಮೆಟ್ಟಿಲ ಅರ್ಧದಲ್ಲಿರುತ್ತಿದ್ದಳು. ಒಮ್ಮೊಮ್ಮೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಅಲ್ಲೇ ನಿಲ್ಲುತ್ತಿದ್ದಳು. ಏನು ಹೇಳಿ ನಕ್ಕರು ಎಂದು ಯಾವತ್ತೂ ಕೇಳಿಸುತ್ತಿರಲಿಲ್ಲ. ಚಪ್ಪಲಿ ಮಾತ್ರ ಊರಿನಲ್ಲೇ ಇಲ್ಲದಷ್ಟು ಸರಿಯಾಗಿರುತ್ತಿತ್ತು.

ಅವಳ ಕೋಣೆ ಹಾಸಿಗೆ ರಿಪೇರಿಯ ಅಂಗಡಿಯ ಮೇಲಿತ್ತು. ಗೋಡೆಗಳು ಎಷ್ಟು ತೆಳುವೆಂದರೆ ಮೊಳೆ ಹೊಡೆದರೆ ಆ ಕಡೆಯವರು ಅದಕ್ಕೆ ಅಂಗಿ ತೂಗು ಹಾಕಬಹುದಿತ್ತು. ಎಡಗೋಡೆಯ ಹಿಂದೆ ಒಬ್ಬಳು ಒಂದೇ ಹಾಡಿನ ಒಂದೇ ಸಾಲನ್ನು ತಿಂಗಳುಗಟ್ಟಲೆ ಹಾಡುತ್ತಿದ್ದಳು. ಬಲಗೋಡೆಯ ಹಿಂದೆ ಒಬ್ಬ ದಿಂಬಿನ ಮೇಲೆ ಡ್ರಮ್ಮು ಬಾರಿಸುತ್ತಿದ್ದ. ಎಡಗಡೆಯವಳಿಗೆ ನೆಗಡಿಯಾದರೆ ಇವಳಿಗೆ ಮೊದಲು ಗೊತ್ತಾಗುತ್ತಿತ್ತು. ಬಲಗಡೆಯವನಿಗೆ ಬೇಜಾರಾದರೆ ದಿಂಬು ನಿಧಾನವಾಗುತ್ತಿತ್ತು. ಆದರೆ ಅವರ ಮುಖ ಮಾತ್ರ ಗೊತ್ತಿರಲಿಲ್ಲ. ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ ಇವರೇ ಇರಬಹುದೇ ಎಂದು ಹೆಜ್ಜೆಯ ಲಯ ಕೇಳುತ್ತಾ ನಿಲ್ಲುತ್ತಿದ್ದಳು. ಅವರೋ, ಯಾಕಪ್ಪಾ ಇವಳು ನನ್ನ ಕಾಲು ನೋಡುತ್ತಾಳೆ ಎಂದು ಬೇಗ ಬೇಗ ಇಳಿದುಹೋಗುತ್ತಿದ್ದರು.

ವಾರಕ್ಕೊಮ್ಮೆ ಅಕ್ಕನ ಫೋನು ಬರುತ್ತಿತ್ತು.

“ಏನೇ, ಕುರ್ಚಿ ಸಿಕ್ತಾ?”

“ಸಿಗುತ್ತೆ ಅಕ್ಕ. ಇವತ್ತು ದೊಡ್ಡ ಹಾಲ್‌ನಲ್ಲಿ ಇತ್ತು.”

“ನಿಂದಾ?”

“ಒಬ್ಬರದು. ಅವರಿಗೆ ಸೊಂಟ ಹಿಡ್ಕೊಂಡಿತ್ತು.”

“ಮತ್ತೆ ಸ್ನೇಹಿತರು ಗಿಹಿತರು? ಯಾರ ಜೊತೆ ಮಾತಾಡ್ತೀಯ?”

“ತುಂಬ ಜನ ಅಕ್ಕ. ನೂರು ಜನ ಗೊತ್ತು.”

ಹಿಂದಿನಿಂದ ಬಾವನ ಗಂಟಲು: “ಇನ್ನೂ ಕುಯ್ಯೋದು ಮುಗೀಲಿಲ್ವಂತಾ? ಮರ ಯಾವುದಂತೆ ಅಷ್ಟು ದಪ್ಪದ್ದು?”

“ನೀವು ಸುಮ್ನಿರಿ,” ಎಂದು ಅಕ್ಕ ಬಾವನಿಗೆ ಬೈಯುತ್ತಿದ್ದಳು. ಬದಲಿ ನಗುತ್ತಿದ್ದಳು. ನೂರು ಜನ ಗೊತ್ತು ಅಂದದ್ದು ಸುಳ್ಳೇನಲ್ಲ, ಅವಳಿಗೆ ನೂರು ಜನ ಗೊತ್ತಿತ್ತು. ಅವರಿಗೆ ಅವಳು ಗೊತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ರೇಡಿಯೋ ತಂಡದಿಂದ ಕರೆ ಬಂತು. ಆ ಊರಿನ ಕುರ್ಚಿಗಳಲ್ಲೆಲ್ಲ ರೇಡಿಯೋ ಕುರ್ಚಿ ಅಂದರೆ ಸಿಂಹಾಸನ. ವಾರವಾರ ಬೆಳಗ್ಗೆ ಆ ತಂಡ ನೇರವಾಗಿ ನುಡಿಸುತ್ತಿತ್ತು, ಊರು ಹಲ್ಲುಜ್ಜುವುದನ್ನು ನಿಲ್ಲಿಸಿ ಕೇಳುತ್ತಿತ್ತು. ಅಲ್ಲಿನ ಪಿಟೀಲಿನ ಕುರ್ಚಿ ಒಬ್ಬ ಹಿರಿಯರದು. ಅವರನ್ನು ಎಲ್ಲರೂ ಕೆಮ್ಮಣ್ಣ ಅನ್ನುತ್ತಿದ್ದರು. ಅವರ ಬೆರಳುಗಳಿಗೆ ಜೋಮು ಹಿಡಿಯುತ್ತಿತ್ತು, ಡಾಕ್ಟರು ವಿಶ್ರಾಂತಿ ಹೇಳಿದ್ದರು.

ಬದಲಿ ಕೆಮ್ಮಣ್ಣನ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಕೇಳಿ, ಅವರ ಎಳೆತ, ಜಾರು, ನಿಲ್ಲುವ ಜಾಗ ಎಲ್ಲವನ್ನೂ ಕೈಗೆ ತಂದುಕೊಂಡು ಹೋದಳು. ಪಿಯಾನೋ ಮುಂದೆ ತಂಡದ ಮುಖ್ಯಸ್ಥರು ಕೂತಿದ್ದರು, ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಪಿಯಾನೋ ಗೋಡೆಗೆ ತಾಗಿದ್ದರಿಂದ ಮೇಷ್ಟ್ರ ಬೆನ್ನು ತಂಡದ ಕಡೆಗಿತ್ತು. ಉಳಿದವರು ಎದುರಿನ ಕಾಗದಕ್ಕೆ ಮೂಗು ತಾಗಿಸಿಕೊಂಡು ಕೂತಿದ್ದರು. ಅಭ್ಯಾಸ ಶುರುವಾಗಬೇಕಿತ್ತು. ಬದಲಿ ಕಮಾನು ಎತ್ತಿ ಕಾದಳು. ಎಲ್ಲರೂ ಕಾದರು. ಒಂದು ನೊಣ ಮೈಕಿನ ಮೇಲೆ ಕೂತು, ಏನೂ ನಡೆಯುವುದಿಲ್ಲವೆಂದು ಗೊತ್ತಾಗಿ ಹಾರಿಹೋಯಿತು.

ಪಕ್ಕದ ಕೊಳಲಿನಮ್ಮ ತುಟಿಯಂಚಿನಲ್ಲಿ ಪಿಸುಗುಟ್ಟಿದರು: “ಕೆಮ್ಮಮ್ಮಾ.”

“ಏನು?”

“ಕೆಮ್ಮು! ಕೆಮ್ಮದೆ ನಾವು ಹೇಗೆ ಶುರು ಮಾಡೋದು?”

ವಿಷಯ ಇಷ್ಟು. ಬಹಳ ವರ್ಷಗಳ ಹಿಂದೆ ಒಂದು ಬೆಳಗ್ಗೆ, ಶುರು ಮಾಡುವ ಹೊತ್ತಿಗೆ ಸರಿಯಾಗಿ ಕೆಮ್ಮಣ್ಣನಿಗೆ ಕೆಮ್ಮು ಬಂದಿತ್ತು. ಗಾಬರಿಯಲ್ಲಿ ಎಲ್ಲರೂ ಒಟ್ಟಿಗೆ ನುಡಿಸತೊಡಗಿದ್ದರು. ಅಷ್ಟು ಒಟ್ಟಿಗೆ ಅವರು ಅದುವರೆಗೆ ಯಾವತ್ತೂ ಶುರು ಮಾಡಿರಲಿಲ್ಲ. ಅವತ್ತಿನಿಂದ ಅದೇ ರೂಢಿಯಾಯಿತು. ಕೆಮ್ಮು ಮೈಕಿಗೂ ಬೀಳುತ್ತಿತ್ತು. ಬದಲಿಯೂ ರೆಕಾರ್ಡಿಂಗುಗಳಲ್ಲಿ ಅದನ್ನು ಕೇಳಿದ್ದಳು, ವಯಸ್ಸಾದವರ ಕೆಮ್ಮು ಎಂದು ಬಿಟ್ಟಿದ್ದಳು. ಊರಿನ ಕಿವಿಗೆ ಅದು ಕೆಮ್ಮೇ ಅಲ್ಲ, ಹಾಡಿನ ಮೊದಲ ಸ್ವರ. ಮಕ್ಕಳು ಆ ಹಾಡುಗಳನ್ನು ಗುನುಗುವಾಗಲೂ ಮೊದಲು ಕೆಮ್ಮಿಕೊಳ್ಳುತ್ತಿದ್ದರು.

ಬದಲಿ ಕೆಮ್ಮಿದಳು. ಯಾರೂ ಅಲುಗಲಿಲ್ಲ.

“ಇದು ನೆಗಡಿ ಕೆಮ್ಮು,” ಎಂದರು ಡ್ರಮ್ಮಿನ ಯಜಮಾನರು, ಕಾಗದದಿಂದ ಕಣ್ಣೆತ್ತದೆ. “ಅವರದು ಒಣ ಕೆಮ್ಮು. ಮೊದಲು ಒಂದು ಸಣ್ಣದು, ಆಮೇಲೆ ಒಂದು ದೊಡ್ಡದು.”

ಮತ್ತೊಮ್ಮೆ ಕೆಮ್ಮಿದಳು. ಸಣ್ಣದು, ದೊಡ್ಡದು. ದೊಡ್ಡದು ಮುಗಿದದ್ದೇ ತಡ, ತಂಡವೆಲ್ಲ ಒಬ್ಬನೇ ಮನುಷ್ಯ ಎದ್ದು ನಿಂತ ಹಾಗೆ ನುಡಿಸತೊಡಗಿತು. ಬದಲಿಯ ಮೈಯೆಲ್ಲ ಜುಮ್ಮೆಂದಿತು. ಇಷ್ಟು ಜನ ತನ್ನ ಗಂಟಲಿನಿಂದ ಹೊರಟರಲ್ಲ! ಮುಗಿದ ಮೇಲೆ ಪೆಟ್ಟಿಗೆ ಮುಚ್ಚಿ ಹೊರಟಳು. ಮೆಟ್ಟಿಲ ಅರ್ಧದಲ್ಲಿ ನಗು ಕೇಳಿಸಿತು.

ಹಾಗೆ ವಾರಗಳು ಕಳೆದವು. ಒಂದು ದಿನ ಕೆಮ್ಮಣ್ಣನೇ ತಮ್ಮ ಕಾಗದ ಪತ್ರ ತೆಗೆದುಕೊಂಡು ಹೋಗಲು ಬಂದವರು ಕಾರಿಡಾರಿನಲ್ಲಿ ಸಿಕ್ಕಿದರು. ಕುರ್ಚಿ ಬಿಡುತ್ತಿದ್ದೇನೆ, ಮಗಳ ಮನೆಗೆ ಹೋಗುತ್ತಿದ್ದೇನೆ ಅಂದರು.

“ನೀನೇ ಏನಮ್ಮ ನನ್ನ ಬದಲಿ? ಮೊನ್ನೆ ಮನೇಲಿ ರೇಡಿಯೋ ಹಾಕಿದ್ದೆ. ನನಗೇ ಅನುಮಾನ ಬಂತು, ನಾನು ಅಲ್ಲಿದ್ದೀನೋ ಇಲ್ಲಿದ್ದೀನೋ ಅಂತ. ಎದ್ದು ಹೋಗಿ ಕನ್ನಡಿ ನೋಡ್ಕೊಂಡೆ.”

“ಬೇಜಾರಾಯ್ತಾ ದೊಡ್ಡಪ್ಪ?”

“ಬೇಜಾರೇನಿಲ್ಲ. ಪೂರ್ತಿ ಕೇಳಿದೆ. ನಾನು ಹೇಗೆ ನುಡಿಸ್ತೀನಿ ಅಂತ ಗೊತ್ತಾಯ್ತು. ನೀನು ಹೇಗೆ ನುಡಿಸ್ತೀಯ ಅಂತ ಗೊತ್ತಾಗಲಿಲ್ಲ.” ಅವರು ಗಂಟಲು ಸರಿಮಾಡಿಕೊಂಡರು. ಒಳಗೆ ಡ್ರಮ್ಮಿನ ಯಜಮಾನರು ಅಭ್ಯಾಸಬಲದಿಂದ ಎರಡು ಪೆಟ್ಟು ಬಾರಿಸಿದ್ದು ಕೇಳಿಸಿತು. “ನೋಡು, ಇನ್ನು ಹುಷಾರಾಗಿ ಕೆಮ್ಮಬೇಕು,” ಎಂದು ನಕ್ಕು ಹೊರಟುಹೋದರು.

ಕುರ್ಚಿ ಖಾಲಿಯಾಯಿತು. ಅಂಥ ಕುರ್ಚಿಗೆ ಆಸೆಪಟ್ಟವರು ಒಂದು ದಿನ ತಂಡದ ಜೊತೆ ಕೂತು ನುಡಿಸಬೇಕು. ಮುಗಿದ ಮೇಲೆ ಮೇಷ್ಟ್ರು ತಾವೇ ಎದ್ದು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರೆ ಕುರ್ಚಿ ನಿನ್ನದು. ‘ಹೋಗಿ ಬನ್ನಿ’ ಅಂದರೆ ಇಲ್ಲ. ಮಾತು, ಸಹಿ, ಕಾಗದ ಯಾವುದೂ ಇಲ್ಲ.

“ನಿಂದೇ ಕಣಮ್ಮ,” ಎಂದ ಫೋನಣ್ಣ. “ನನ್ನ ತಂಗಿ ಮಗನೂ ಒಬ್ಬ ಕೂರ್ತಾನೆ, ಅದು ಬರೀ ಲೆಕ್ಕಕ್ಕೆ. ಕೆಮ್ಮೋಕೆ ನಿನ್ನ ಬಿಟ್ರೆ ಯಾರಿದ್ದಾರೆ?”

ಅಕ್ಕನಿಗೆ ಫೋನು ಮಾಡಿದಾಗ ಅವಳು ಕೂಗಿದ್ದಕ್ಕೆ ಅಂಗಡಿಗೆ ಬಂದವರು ಬಟ್ಟೆ ಬಿಟ್ಟು ಓಡಿದರಂತೆ.

ಬದಲಿ ಕೋಣೆಗೆ ಬಂದು ಪಿಟೀಲು ತೆಗೆದಳು. ನಾನು ಹೇಗೆ ನುಡಿಸುತ್ತೇನೆ ನೋಡೋಣ ಎಂದು ಕಮಾನು ಇಟ್ಟಳು. ಬಂದದ್ದು ಕೆಮ್ಮಣ್ಣನ ಎಳೆತ. ಅದನ್ನು ಬಿಟ್ಟಳು, ಹೋಟೆಲಿನವರ ಜಾರು ಬಂತು. ಅದನ್ನೂ ಒದರಿ ಹಾಕಿದರೆ ಹೆಬ್ಬೆರಳು ನೋಯುವವರ ಹಿಡಿತ. ಬಾಡಿಗೆ ಮನೆ ಖಾಲಿ ಮಾಡಿಸಿದ ಹಾಗೆ ಒಬ್ಬೊಬ್ಬರನ್ನೇ ಹೊರಗೆ ಕಳಿಸುತ್ತಾ ಹೋದಳು. ಕೊನೆಗೆ ಎಲ್ಲರೂ ಹೋದರು, ಸದ್ದೂ ಅವರ ಜೊತೆಗೇ ಹೋಯಿತು. ಉಳಿದದ್ದು, ಕಮಾನು ತಂತಿಗೆ ತಾಗುವ ಮುಂಚೆ ಅವಳು ಎಳೆದುಕೊಳ್ಳುವ ಒಂದು ಉಸಿರು. ಅದು ಮಾತ್ರ ಯಾರಿಂದಲೂ ತಂದದ್ದಲ್ಲ. ಹಾಸಿಗೆಯ ಮೇಲೆ ಕೂತು ಬಹಳ ಹೊತ್ತು ಆ ಉಸಿರನ್ನೇ ಎಳೆದು ಎಳೆದು ನೋಡಿದಳು.

ಪರೀಕ್ಷೆಯ ದಿನ ಕೆಮ್ಮಣ್ಣನ ಕುರ್ಚಿಯಲ್ಲಿ ಕೂತಳು. ಕಮಾನು ಎತ್ತಿದಳು. ಕಾಗದಕ್ಕೆ ಮೂಗು ತಾಗಿಸಿದ ತಂಡ ಕಾಯುತ್ತಿತ್ತು. ಗಂಟಲಲ್ಲಿ ಕೆಮ್ಮು ಸಿದ್ಧವಾಗಿ ನಿಂತಿತ್ತು, ಸಣ್ಣದೂ ದೊಡ್ಡದೂ. ಅವಳು ಅದನ್ನು ನುಂಗಿ, ಉಸಿರೆಳೆದು, ನುಡಿಸಿಬಿಟ್ಟಳು.

ಯಾರೂ ಬರಲಿಲ್ಲ. ಕೊಳಲಿನಮ್ಮ ಗಾಬರಿಯಾಗಿ ಅರ್ಧ ಊದಿದರು. ಡ್ರಮ್ಮಿನ ಯಜಮಾನರು ತಡವಾಗಿ ಬಾರಿಸಿ, ತಡವಾಯಿತೆಂದು ಮತ್ತೆ ಬಾರಿಸಿದರು. ಯಾರೋ ಮುಂದಿನ ಹಾಡನ್ನೇ ಶುರು ಮಾಡಿದ್ದರು. ಸಂತೆಗೆ ಹಸು ನುಗ್ಗಿದ ಹಾಗಾಯಿತು.

ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. ತಿರುಗದೆಯೇ ಕೇಳಿದರು: “ಗಂಟಲು ಕಟ್ಟಿದೆಯೇನಮ್ಮ? ಬಿಸಿನೀರು ತರಿಸ್ಲಾ?”

“ಗಂಟಲು ಚೆನ್ನಾಗಿದೆ ಮೇಷ್ಟ್ರೇ. ನಾನು ಕೆಮ್ಮಲ್ಲ. ಎಲ್ಲರೂ ನನ್ನ ಕಡೆ ಒಂದು ಸಲ ನೋಡಿ. ನಾನು ಉಸಿರೆಳೆದಾಗ ನೀವೂ ಎಳೀರಿ, ಕಮಾನು ಇಳಿದಾಗ ಶುರು ಮಾಡೋಣ.”

“ನೋಡಬೇಕಾ?” ಎಂದರು ಡ್ರಮ್ಮಿನ ಯಜಮಾನರು, ಬಟ್ಟೆ ಬಿಚ್ಚು ಅಂದವರ ಕಡೆ ತಿರುಗುವ ಹಾಗೆ.

ಆದರೂ ಒಬ್ಬೊಬ್ಬರಾಗಿ ತಲೆ ಎತ್ತಿದರು. ಎತ್ತಿದವರು ಬದಲಿಯನ್ನು ನೋಡುವ ಮುಂಚೆ ಒಬ್ಬರನ್ನೊಬ್ಬರು ನೋಡಿಕೊಂಡರು. ವರ್ಷಗಟ್ಟಲೆ ಪಕ್ಕಪಕ್ಕ ಕೂತು ಕಾಗದ ನೋಡಿಕೊಂಡು, ಕೆಮ್ಮು ಕೇಳಿಕೊಂಡು ನುಡಿಸಿದವರು. ಟೀ ಕುಡಿಯುವಾಗಲೂ ನೋಡುತ್ತಿದ್ದದ್ದು ಲೋಟವನ್ನು.

“ನೀವು ಕನ್ನಡಕ ಯಾವಾಗ ಹಾಕ್ಕೊಂಡ್ರಿ?” ಎಂದು ಡ್ರಮ್ಮಿನ ಯಜಮಾನರು ಕೊಳಲಿನಮ್ಮನನ್ನು ಕೇಳಿದರು.

“ನನ್ನ ಮಗಳು ಹುಟ್ಟೋಕೆ ಮುಂಚೆ. ಈಗ ಅವಳೂ ಹಾಕ್ತಾಳೆ.” ಕೊಳಲಿನಮ್ಮ ಅವರನ್ನೇ ನೋಡುತ್ತಾ ಹೇಳಿದರು, “ನಿಮ್ಮ ಕೂದಲೆಲ್ಲ ಎಲ್ಲಿ ಹೋಯ್ತು?”

ಯಾರೂ ನಗಲಿಲ್ಲ. ಕೋಣೆಯಲ್ಲಿ ಒಂದು ಥರದ ನಾಚಿಕೆ ತುಂಬಿಕೊಂಡಿತು. ಬದಲಿ ಉಸಿರೆಳೆದಳು, ಕೆಲವರು ಎಳೆದರು. ಕಮಾನು ಇಳಿಯಿತು. ಈ ಸಲ ಎಲ್ಲರೂ ಬಂದರು, ಆದರೆ ಮಳೆ ಶುರುವಾಗುವ ಹಾಗೆ, ಅಲ್ಲೊಂದು ಹನಿ, ಇಲ್ಲೊಂದು ಹನಿ. ಹಾಡು ನಡೆಯಿತು. ಕುಂಟುತ್ತಾ ನಡೆದರೂ ಅದು ಅವಳಿಗೆ ತನ್ನ ಜೀವಮಾನದಲ್ಲಿ ಕೇಳಿದ ಅತಿ ಚೆಂದದ ಸದ್ದು ಅನ್ನಿಸಿತು. ಅವಳ ಕೈಯಲ್ಲಿ ಆವತ್ತು ಬೇರೆ ಯಾರೂ ಇರಲಿಲ್ಲ.

ಮುಗಿಯಿತು. ಮೇಷ್ಟ್ರು ಎದ್ದರು. ಫ್ಲಾಸ್ಕಿನ ಮೇಲೆ ಕೈ ಇಟ್ಟರು. ತಂಡವೆಲ್ಲ ಆ ಕೈಯನ್ನು ನೋಡುತ್ತಿತ್ತು. ಕೈ ಮೇಲೇಳಲಿಲ್ಲ.

“ಚೆನ್ನಾಗಿ ನುಡಿಸ್ತೀಯಮ್ಮ,” ಎಂದರು. “ನನಗೆ ಗೊತ್ತೇ ಇರ್ಲಿಲ್ಲ ನೀನು ಹೀಗೆ ನುಡಿಸ್ತೀಯ ಅಂತ. ಆದ್ರೆ ನಾವು ವಯಸ್ಸಾದವರು. ದಿನಾ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರೋಕೆ ನಮ್ಮ ಕೈಲಾಗಲ್ಲ. ಹೋಗಿ ಬಾಮ್ಮ.”

ಕುರ್ಚಿ ಫೋನಣ್ಣನ ತಂಗಿ ಮಗನಿಗೆ ಹೋಯಿತು. ಅವನು ಪಿಟೀಲು ನುಡಿಸುವುದು ಅಷ್ಟಕ್ಕಷ್ಟೇ, ಆದರೆ ಕೆಮ್ಮಿದರೆ ಆಸ್ಪತ್ರೆಯವರು ಗಾಡಿ ಕಳಿಸಬೇಕು. ಊರು ಸಂತೋಷಪಟ್ಟಿತು. ಈಗಿನ ಕೆಮ್ಮು ಮುಂಚಿನದಕ್ಕಿಂತ ಗಟ್ಟಿ, ಅಂದರು.

“ಸಿಕ್ತಾ?” ಎಂದಳು ಅಕ್ಕ.

“ಇಲ್ಲ ಅಕ್ಕ.”

“ಯಾಕೆ?”

“ಕೆಮ್ಮಲಿಲ್ಲ.”

ಆ ಕಡೆ ಹೊಲಿಗೆ ಮಷಿನ್ನು ಗಕ್ಕನೆ ನಿಂತಿತು. “ಇಡೀ ಜೀವಮಾನ ಮೂಗು ಸೋರಿಸ್ಕೊಂಡು ಬೆಳೆದೋಳು ನೀನು,” ಎಂದಳು ಅಕ್ಕ, “ಬೇಕಾದಾಗ ಒಂದು ಕೆಮ್ಮೋಕಾಗಲಿಲ್ವಾ?” ಬೈದದ್ದೋ ಅತ್ತದ್ದೋ ತಿಳಿಯಲಿಲ್ಲ.

ಆಮೇಲೆ ಫೋನಣ್ಣನ ಫೋನೂ ಬರಲಿಲ್ಲ. ಬದಲಿ ಒಬ್ಬಳು ಮನಸ್ಸಿಗೆ ಬಂದ ಹಾಗೆ ನುಡಿಸಿದಳಂತೆ ಎಂಬ ಸುದ್ದಿ ಎಲ್ಲ ಟೀ ಲೋಟಗಳಲ್ಲೂ ಒಂದು ಸುತ್ತು ಹಾಕಿ ಬಂದಿತ್ತು. ಅಂಥವಳನ್ನು ಯಾರು ತಮ್ಮ ಕುರ್ಚಿಯಲ್ಲಿ ಕೂರಿಸುತ್ತಾರೆ? ಅವಳು ಹಗಲು ಹೊತ್ತು ಕೆಳಗಿನ ಹಾಸಿಗೆ ಅಂಗಡಿಯಲ್ಲಿ ಹತ್ತಿ ಬಿಡಿಸಲು ಕೂರತೊಡಗಿದಳು. ಸಂಜೆ ತನ್ನ ಹಾಗೆ ನುಡಿಸುತ್ತಿದ್ದಳು, ಕೇಳುವವರು ಇಲ್ಲದೆ. ತನ್ನ ಹಾಗೆ ನುಡಿಸುವುದು ಅಷ್ಟೇನೂ ಚೆನ್ನಾಗಿರಲಿಲ್ಲ ಮೊದಮೊದಲು. ಹೊಸದಾಗಿ ನಡೆಯುವವರ ಹಾಗೆ ಗೋಡೆ ಹಿಡಿದು ಹಿಡಿದು ಹೋಗಬೇಕಿತ್ತು.

ಬಹಳ ದಿನದ ಮೇಲೆ ಒಂದು ಬೆಳಗ್ಗೆ ಫೋನು ಬಂತು.

“ಅಮ್ಮಾ ತಾಯಿ,” ಫೋನಣ್ಣ ಏದುಸಿರು ಬಿಡುತ್ತಿದ್ದ, “ನನ್ನ ತಂಗಿ ಮಗ ಕೆಮ್ಮಿ ಕೆಮ್ಮಿ ಪಕ್ಕೆ ಹಿಡ್ಕೊಂಡು ಮಲಗಿದ್ದಾನೆ. ಇವತ್ತು ರೇಡಿಯೋಗೆ ಹೋಗು.”

“ಹೋಗ್ತೀನಿ ಅಣ್ಣ. ಆದ್ರೆ ಟೀಗೆ ನಿಲ್ತೀನಿ.”

“ಏನಂದೆ?”

“ಟೀ ಕುಡಿದೇ ಬರ್ತೀನಿ.”

“ಬದಲಿಗೆ ಷರತ್ತಾ? ಬಾಡಿಗೆ ಸೈಕಲ್ಲು ‘ಎಲ್ಲಿಗೆ ಹೋಗೋದು’ ಅಂತ ಕೇಳಿದ ಹಾಗಾಯ್ತಲ್ಲ!” ಫೋನು ಇಟ್ಟುಬಿಟ್ಟ.

ಅವಳು ಹತ್ತಿ ಬಿಡಿಸಲು ಇಳಿದುಹೋದಳು. ಕೈಗೆಲ್ಲ ಹತ್ತಿ ಅಂಟಿದ ಮೇಲೆ ಮತ್ತೆ ಫೋನು. ಊರಿನಲ್ಲಿರುವ ಪಿಟೀಲುಗಳಿಗೆಲ್ಲ ಫೋನಣ್ಣ ಕೇಳಿದ್ದ, ಬಸ್ಸಿನ ಡ್ರೈವರನನ್ನೂ ಬಿಟ್ಟಿರಲಿಲ್ಲ. ಯಾರಿಗೂ ಆ ಕೆಮ್ಮು ಬರುತ್ತಿರಲಿಲ್ಲ.

“ಸರಿ, ಟೀ ಕುಡಿ. ಆದ್ರೆ ಕೆಮ್ಮಬೇಕು. ಸಣ್ಣದು, ದೊಡ್ಡದು.”

ಬದಲಿ ಬೆರಳಿನ ಹತ್ತಿ ಊದಿದಳು. “ಕೆಮ್ತೀನಿ,” ಎಂದಳು.

ಹೋದಳು, ಕೂತಳು, ಕಮಾನು ಎತ್ತಿದಳು. ಕಾಗದಗಳ ಹಿಂದೆ ಎಲ್ಲ ತಲೆಗಳೂ ಬಗ್ಗಿದ್ದವು. ಕೆಮ್ಮುವ ಮುಂಚೆ ಅವಳು ಅಕ್ಕಪಕ್ಕ ಒಮ್ಮೆ ನೋಡಿದಳು. ಕೊಳಲಿನಮ್ಮನ ಕನ್ನಡಕ ಮಾತ್ರ ಅವಳ ಕಡೆ ತಿರುಗಿತ್ತು. ಅವರು ಉಸಿರು ಎಳೆದುಕೊಂಡು ಕಾಯುತ್ತಿದ್ದರು. ಬದಲಿ ಕೆಮ್ಮಿದಳು. ಊರು ಹಲ್ಲುಜ್ಜುವುದನ್ನು ನಿಲ್ಲಿಸಿತು.

ಮುಗಿದ ಮೇಲೆ ಪೆಟ್ಟಿಗೆ ಮುಚ್ಚಿದಳು, ಏಳಲಿಲ್ಲ. ಎಲ್ಲರೂ ಪಕ್ಕದ ಕೋಣೆಗೆ ನಡೆದರು. ಅವಳೂ ಹಿಂದೆ ನಡೆದಳು. ಯಾರೂ ಬಾ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಗೋಡೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಒಬ್ಬೊಬ್ಬರದೂ ಒಂದೊಂದು ಲೋಟ. ಅವರವರು ಅವರವರದನ್ನು ತೆಗೆದುಕೊಂಡರು. ಅವಳಿಗೆ ಲೋಟವಿರಲಿಲ್ಲ. ಮೇಷ್ಟ್ರು ಅತ್ತಿತ್ತ ನೋಡಿ ಫ್ಲಾಸ್ಕಿನ ಮುಚ್ಚಳದಲ್ಲೇ ಒಂದಿಷ್ಟು ಹಾಕಿ ಮೇಜಿನ ಅಂಚಿಗಿಟ್ಟರು. ಅವಳು ತೆಗೆದುಕೊಂಡು ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂತಳು.

ಈಗ ಕೇಳಿಸುತ್ತದೆ. ಇಷ್ಟು ದಿನ ಮೆಟ್ಟಿಲಲ್ಲಿ ನಿಂತು ಕೇಳಿಸದೆ ಹೋದದ್ದು ಈಗ ಕಿವಿಯ ಪಕ್ಕದಲ್ಲೇ.

“ನಮ್ಮ ಮನೆ ನಲ್ಲಿ ಇನ್ನೂ ಸೋರುತ್ತೆ,” ಎಂದರು ಡ್ರಮ್ಮಿನ ಯಜಮಾನರು.

“ವಾಷರ್ ಹಾಕ್ಸಿ ಅಂತ ಹೇಳಿದ್ನಲ್ಲ,” ಎಂದರು ಮೇಷ್ಟ್ರು.

“ಹಾಕ್ಸಿದೆ. ಈಗ ತಾಳಕ್ಕೆ ಸರಿಯಾಗಿ ಸೋರುತ್ತೆ.”

ಎಲ್ಲರೂ ದೊಡ್ಡದಾಗಿ ನಕ್ಕರು. ಅದೇ ನಗು. ಅವಳಿಗೆ ಗುರುತು ಸಿಕ್ಕಿತು. ಆಮೇಲೆ ಮಂಡಿ ನೋವಿನ ಮಾತು ಬಂತು, ಬಸ್ಸು ಬೇಗ ಹೊರಡುವ ಮಾತು ಬಂತು, ಆಮೇಲೆ ಎಲ್ಲರೂ ಲೋಟದೊಳಗೆ ನೋಡುತ್ತಾ ಕುಡಿದರು. ಕುರ್ಚಿಯ ಮಾತೇ ಬರಲಿಲ್ಲ. ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿತು. ನಮ್ಮ ಕೋಣೆಯ ನಲ್ಲಿಯೂ, ಎಂದು ಶುರು ಮಾಡಿದಳು. ಅಷ್ಟರಲ್ಲಿ ಮೇಷ್ಟ್ರು ಎದ್ದರು, ಎಲ್ಲರೂ ಎದ್ದರು, ಲೋಟ ತೊಳೆಯುವ ಸದ್ದಿನಲ್ಲಿ ಮಾತು ಮುಳುಗಿತು.

ಕೊಳಲಿನಮ್ಮ ತಮ್ಮ ಲೋಟವನ್ನು ಬೋರಲು ಹಾಕುತ್ತಾ ತಿರುಗಿ ನೋಡಿದರು. “ಮುಚ್ಚಳದಲ್ಲಿ ಕುಡಿದ್ರೆ ಬಾಯಿ ಸುಡುತ್ತೆ,” ಎಂದರು. “ಮುಂದಿನ ಸಲ ಒಂದು ಲೋಟ ತಗೊಂಡು ಬಾಮ್ಮ.”

ಮುಂದಿನ ಸಲ ಅಂತ ಒಂದಿಲ್ಲ, ವಾರದೊಳಗೆ ತಂಗಿ ಮಗನ ಪಕ್ಕೆ ಸರಿಹೋಗುತ್ತದೆ ಎಂದು ಅವರಿಗೆ ನೆನಪಿರಲಿಲ್ಲವೋ, ನೆನಪಿದ್ದೇ ಹೇಳಿದರೋ. ಅವರು ಬಸ್ಸಿಗೆ ಓಡಿದರು.

ಬದಲಿ ದಾರಿಯಲ್ಲಿ ಪಾತ್ರೆ ಅಂಗಡಿಗೆ ಹೋದಳು.

“ಒಂದು ಟೀ ಲೋಟ ಕೊಡಿ.”

“ಬಿಡಿ ಮಾರಲ್ಲಕ್ಕ. ಆರರ ಸೆಟ್ಟು.”

“ನನಗೆ ಒಂದೇ ಸಾಕು.”

“ಒಂದು ಲೋಟ ಯಾರಾದ್ರೂ ತಗೋತಾರಾ? ಮನೇಗೆ ಜನ ಬರಲ್ವಾ?”

ಬದಲಿ ಅಂಗಡಿಯ ಗಾಜಿನಲ್ಲಿ ಸಾಲಾಗಿ ನಿಂತ ಲೋಟಗಳನ್ನು ನೋಡಿದಳು. “ಕೊಡಿ,” ಎಂದಳು.

ಪಿಟೀಲು ಒಂದು ಹೆಗಲಿಗೆ, ಆರು ಲೋಟದ ಚೀಲ ಇನ್ನೊಂದು ಕೈಗೆ. ಹೆಜ್ಜೆ ಇಟ್ಟಾಗಲೆಲ್ಲ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಎದುರಿಗೆ ಬಂದ ಯಾರೋ ಒಬ್ಬರು ನಡೆಯುತ್ತಲೇ ಕಿವಿಗೊಟ್ಟು, “ಅದರಲ್ಲಿ ಮೂರನೇದರ ಶ್ರುತಿ ಸ್ವಲ್ಪ ಇಳಿದಿದೆ ನೋಡಿ,” ಎಂದರು.

“ಯಾವುದು?” ಎಂದು ಅವಳು ನಗುತ್ತಾ ಚೀಲ ಬಿಚ್ಚಿದಳು. ತಲೆ ಎತ್ತುವಷ್ಟರಲ್ಲಿ ಅವರು ತಿರುವು ದಾಟಿ ಹೋಗಿದ್ದರು. ಅವಳು ರಸ್ತೆ ಬದಿಯಲ್ಲಿ ಕೂತು, ಒಂದೊಂದಾಗಿ ಬೆರಳಿನಿಂದ ತಟ್ಟಿ ಕೇಳತೊಡಗಿದಳು.